ಅಟ್ಟದ ಮೇಲೆ ಸಿಕ್ಕ ಸ್ಕ್ರ್ಯಾಪ್‌ಬುಕ್, ಅರ್ಧ ಕತ್ತರಿಸಿದ ಕುಂಬ್ಳೆ ಚಿತ್ರ

ಅರಸೀಕೆರೆ ಹುಡುಗ

ಎಲ್ಲರಿಗೂ ನಮಸ್ಕಾರ. ಅಮ್ಮನ ಮನೆಗೆ ಸುಣ್ಣ ಬಣ್ಣ ಮಾಡಿಸಬೇಕು ಅಂತ ಹೋದ ವಾರ ಅಟ್ಟದ ಸಾಮಾನೆಲ್ಲ ಇಳಿಸಿದೆವು. ಕಬ್ಬಿಣದ ಟ್ರಂಕಿನಲ್ಲಿ, ಹಳೇ ಪಂಚಾಂಗಗಳ ಕೆಳಗೆ, ನನ್ನ ಸ್ಕ್ರ್ಯಾಪ್‌ಬುಕ್ ಸಿಕ್ಕಿತು. ಸ್ಕ್ರ್ಯಾಪ್‌ಬುಕ್ ಅಂದರೆ ಅಂಗಡಿಯಿಂದ ತಂದದ್ದಲ್ಲ. ಅಪ್ಪ ಲೆಕ್ಕ ಬರೆಯೋಕೆ ಇಟ್ಟುಕೊಂಡಿದ್ದ ಉದ್ದನೆಯ ಪುಸ್ತಕ, ಕೇಳಿ ಇಸ್ಕೊಂಡಿದ್ದೆ. ಮೊದಲ ನಾಲ್ಕು ಹಾಳೆಯಲ್ಲಿ ಈಗಲೂ ಬೆಲ್ಲ, ಕೊಬ್ಬರಿಯ ಲೆಕ್ಕ ಇದೆ. ಐದನೇ ಹಾಳೆಯಿಂದ ಕ್ರಿಕೆಟ್.

1996ರ ಮಾರ್ಚ್ 9ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ವಿಶ್ವಕಪ್ ಕ್ವಾರ್ಟರ್ ಫೈನಲ್‌ಗೆ ಮೂರು ಹಾಳೆ ಕೊಟ್ಟಿದ್ದೇನೆ. ಪಾಕಿಸ್ತಾನದ ಆಮಿರ್ ಸೊಹೈಲ್ ಬೌಂಡರಿ ಹೊಡೆದು ಬೆರಳು ತೋರಿಸಿದ್ದು, ಮುಂದಿನ ಎಸೆತಕ್ಕೇ ನಮ್ಮ ವೆಂಕಟೇಶ್ ಪ್ರಸಾದ್ ಸೊಹೈಲ್ ಸ್ಟಂಪ್ ಕಿತ್ತಿದ್ದು, ನಿಮಗೆಲ್ಲ ಗೊತ್ತೇ ಇದೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಟೈಟನ್ ಕಪ್. ಆಸ್ಟ್ರೇಲಿಯಾ ಎದುರು ಶ್ರೀನಾಥ್ ಮತ್ತು ಕುಂಬ್ಳೆ ಒಂಬತ್ತನೇ ವಿಕೆಟ್‌ಗೆ ಮುರಿಯದೆ 52 ರನ್ ಸೇರಿಸಿ ಗೆಲ್ಲಿಸಿದ ಪಂದ್ಯ. ಅದಕ್ಕೆ ಎರಡು ಹಾಳೆ.

ಆದರೆ ನಾನು ಕೂತು ನೋಡಿದ್ದು 1999ರ ಫೆಬ್ರವರಿಯ ಹಾಳೆಯನ್ನು. ದೆಹಲಿಯಲ್ಲಿ ಕುಂಬ್ಳೆ ಒಂದೇ ಇನಿಂಗ್ಸ್‌ನಲ್ಲಿ ಹತ್ತೂ ವಿಕೆಟ್ ತೆಗೆದದ್ದು. 26.3 ಓವರ್, 74 ರನ್, 10 ವಿಕೆಟ್. ಅಂಕಿ ಎಲ್ಲ ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದೇನೆ. ಪಕ್ಕದಲ್ಲಿ ಅವರ ಚಿತ್ರ. ಆದರೆ ಬಲ ಮೊಣಕೈಯಿಂದ ಆಚೆ ಕೈಯೇ ಇಲ್ಲ. ಕತ್ತರಿ ಮೇಲಿಂದ ನೇರವಾಗಿ ಇಳಿದು ಮೊಣಕೈ ಹತ್ತಿರ ಪಕ್ಕಕ್ಕೆ ತಿರುಗಿದೆ.

ಕಾರಣ ಏನಂದರೆ, ವಾರಪತ್ರಿಕೆಯ ಆ ಹಾಳೆಯ ಹಿಂಬದಿಯಲ್ಲಿ ಅಕ್ಕನಿಗೆ ಬೇಕಾದ ರಂಗೋಲಿ ಇತ್ತು. 15ರಿಂದ 8ರ ಸಂದು ಚುಕ್ಕಿ. ಇಬ್ಬರೂ ಹಾಳೆ ಹಿಡಿದು ಎಳೆದಾಡಿದೆವು. ಅಮ್ಮ ಒಲೆ ಮುಂದಿನಿಂದ ಎದ್ದು ಬಂದು, ತಾನೇ ಕತ್ತರಿ ತಗೊಂಡು ತೀರ್ಮಾನ ಮಾಡಿದಳು. ರಂಗೋಲಿ ಇದ್ದ ಮೂಲೆ ಪೂರ್ತಿ ಅಕ್ಕನಿಗೆ, ಉಳಿದದ್ದು ನನಗೆ. ಕುಂಬ್ಳೆಯ ಕೈ ಮತ್ತು ಚೆಂಡು ರಂಗೋಲಿಯ ಜೊತೆ ಹೋಯಿತು. ನಾನು ಖಾಲಿ ಜಾಗದಲ್ಲಿ ಪೆನ್ಸಿಲ್‌ನಿಂದ ಕೈ ಬರೆದು, ಚೆಂಡಿಗೆ ಕೆಂಪು ಬಣ್ಣ ಹಚ್ಚಿದ್ದೇನೆ.

ಆ ಪಂದ್ಯದ ವಿಡಿಯೋ ಫೋನಿನಲ್ಲೇ ಸಿಗುತ್ತದೆ, ಅಲ್ವಾ? ಆದರೂ ಈ ಹಾಳೆಯ ಮುಂದೆ ಅರ್ಧ ಗಂಟೆ ಕೂತಿದ್ದೆ. ನಿಮ್ಮ ಮನೆಯಲ್ಲೂ ಇಂಥ ಪುಸ್ತಕ ಇದ್ದರೆ ಹೇಳಿ. ಯಾವ ಹಾಳೆ ನಿಮ್ಮನ್ನು ನಿಲ್ಲಿಸುತ್ತದೆ?

ದಾವಣಗೆರೆಯವಳು

ಓದಿ ನನ್ನ ಪುಸ್ತಕ ತೆಗೆದು ನೋಡಿದೆ. ನಾನು ಸಿನಿಮಾ ಚಿತ್ರಗಳನ್ನು ಅಂಟಿಸುತ್ತಿದ್ದೆ. ಒಂದು ಹಾಳೆಯೂ ಖಾಲಿ ಬಿಡುತ್ತಿರಲಿಲ್ಲ. ಚಿತ್ರದ ಸುತ್ತ ಹೂವು, ಬಳ್ಳಿ, ಮಿನುಗು ಕಾಗದದ ಅಂಚು, ಎಲ್ಲ ಇರಬೇಕು ನನಗೆ.

1990ರ ಸೆಪ್ಟೆಂಬರ್ 30. ಶಂಕರ್‌ನಾಗ್ ತೀರಿಹೋದ ದಿನ. ಅಪಘಾತ ಆದದ್ದು ನಮ್ಮೂರ ಪಕ್ಕದ ಆನಗೋಡಿನ ಹತ್ತಿರ. ನಮ್ಮ ಬೀದಿಯಲ್ಲಿ ಆ ದಿನ ಯಾರ ಮನೆಯಲ್ಲೂ ರೇಡಿಯೋ ಆರಲಿಲ್ಲ. ಅವರಿಗಿನ್ನೂ 36 ತುಂಬಿರಲಿಲ್ಲ. ಮಾರನೇ ದಿನದ ಪೇಪರಿನ ಚಿತ್ರ ಕತ್ತರಿಸಿ ಅಂಟಿಸಿದ್ದೇನೆ. ಆ ಹಾಳೆಯಲ್ಲಿ ಹೂವಿಲ್ಲ, ಬಳ್ಳಿ ಇಲ್ಲ, ಹೆಸರೂ ಬರೆದಿಲ್ಲ. ಎದುರಿನ ಹಾಳೆ ಪೂರ್ತಿ ಬಿಳಿ. ಅದಾದ ಮೇಲೆ ಎರಡು ತಿಂಗಳು ನಾನು ಏನೂ ಅಂಟಿಸಿಲ್ಲ. ಅಷ್ಟು ದುಃಖ ಆಗಿತ್ತು ಅನ್ನೋದು ನನಗೇ ಮರೆತುಹೋಗಿತ್ತು. ಆ ಬಿಳಿ ಹಾಳೆ ನೋಡಿದಾಗ ನೆನಪಾಯಿತು.

ಎರಡು ಕೋಣೆ ಮನೆ

ಬೇಜಾರು ಮಾಡ್ಕೋಬೇಡಿ, ನನ್ನ ಅಭಿಪ್ರಾಯ ಬೇರೆ. ಬೆಂಗಳೂರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಎಂಟು ವರ್ಷದಲ್ಲಿ ನಾಲ್ಕು ಸಲ ಮನೆ ಬದಲಾಯಿಸಿದ್ದೇನೆ. ಪ್ರತಿ ಸಲ ಅಪ್ಪ ಅಮ್ಮನ ಹಳೇ ಕಾಗದ ಹೊತ್ತುಕೊಂಡು ಓಡಾಡೋಕೆ ಆಗಲ್ಲ. ನಾನು ಎಲ್ಲ ಹಾಳೆಯ ಫೋಟೋ ತೆಗೆದು ಇಟ್ಟೆ. ಪುಸ್ತಕ ರದ್ದಿಗೆ ಹಾಕಿದೆ. ಈಗ ಯಾವಾಗ ಬೇಕಾದರೂ ಫೋನಿನಲ್ಲಿ ನೋಡಬಹುದು. ಮಕ್ಕಳಿಗೂ ತೋರಿಸಬಹುದು. ಗೆದ್ದಲಿನ ಭಯವಿಲ್ಲ. ನೆನಪು ಇರೋದು ಮನಸ್ಸಿನಲ್ಲಿ, ಕಾಗದದಲ್ಲಿ ಅಲ್ಲ ಅಂತ ನನ್ನ ಅನಿಸಿಕೆ.

ಮಲ್ಲೇಶ್ವರದ ಮಗಳು

ಜಾಗದ ಕಷ್ಟ ನನಗೂ ಗೊತ್ತು. ಆದರೂ ಒಂದು ಮಾತು ಹೇಳುತ್ತೇನೆ.

ನಮ್ಮ ಅಪ್ಪನ ಹತ್ತಿರ 1974ರ ಪುಸ್ತಕ ಇತ್ತು. ಆ ವರ್ಷ ಕರ್ನಾಟಕ ಮೊದಲ ಸಲ ರಣಜಿ ಗೆದ್ದದ್ದು. ಅದಕ್ಕೂ ಮುಂಚೆ ಬಾಂಬೆ ತಂಡ ಬಿಡದೆ 15 ವರ್ಷ ಗೆದ್ದಿತ್ತು. ನಮ್ಮವರು ಸೆಮಿಫೈನಲ್‌ನಲ್ಲಿ, ಬೆಂಗಳೂರಿನಲ್ಲೇ, ಅವರನ್ನು ತಡೆದರು. ಪ್ರಸನ್ನ ಅವರ ಎಸೆತಕ್ಕೆ ಗವಾಸ್ಕರ್ ಬೌಲ್ಡ್ ಆದ ಸುದ್ದಿ ಅಪ್ಪ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಆಮೇಲೆ ಜೈಪುರದಲ್ಲಿ ರಾಜಸ್ಥಾನದ ಎದುರು ಫೈನಲ್ ಗೆದ್ದರು.

ಅಪ್ಪ ಹೋದ ಮೇಲೆ ಪುಸ್ತಕ ತೆಗೆದೆ. ಒಂದು ಕಟಿಂಗ್‌ನ ಅಂಟು ಒಣಗಿ ತಾನಾಗಿಯೇ ಕಳಚಿ ಬಂತು. ಹಿಂದೆ ಏನಿತ್ತು ಗೊತ್ತಾ? ಬಾಡಿಗೆಗೆ ಮನೆ ಬೇಕು, ಬಾಡಿಗೆಗೆ ಮನೆ ಇದೆ ಅನ್ನೋ ಸಣ್ಣ ಜಾಹೀರಾತುಗಳು. ಎರಡಕ್ಕೆ ಪೆನ್ಸಿಲ್‌ನಲ್ಲಿ ಗುಂಡು ಹಾಕಿದ್ದಾರೆ. ಒಂದು ಮಲ್ಲೇಶ್ವರದ್ದು. ಆಗ ಅಪ್ಪ ಅಮ್ಮನ ಮದುವೆ ಗೊತ್ತಾಗಿತ್ತು. ಮ್ಯಾಚ್ ಸುದ್ದಿ ಓದುತ್ತಾ ಅಪ್ಪ ಮನೆ ಹುಡುಕುತ್ತಿದ್ದರು! ನಾನು ಹುಟ್ಟಿ ಬೆಳೆದದ್ದು ಆ ಗುಂಡು ಹಾಕಿದ ಮನೆಯಲ್ಲೇನಾ ಅಂತ ಅಮ್ಮನನ್ನು ಕೇಳಿದೆ. ಅಲ್ಲ, ಅದಕ್ಕೆ ಮುಂಗಡ ಜಾಸ್ತಿ ಕೇಳಿದರು, ಅದಕ್ಕೇ ಹಿಂದಿನ ರಸ್ತೆಯದು ಹಿಡಿದೆವು ಅಂದಳು. ಅಮ್ಮ ಅಪ್ಪನ ಬಗ್ಗೆ ಅಷ್ಟು ಹೊತ್ತು ಮಾತಾಡಿದ್ದು ಅವರು ಹೋದ ಮೇಲೆ ಅದೇ ಮೊದಲು.

ಕಟಿಂಗ್‌ನ ಮುಂಬದಿಯ ಫೋಟೋ ಮಾತ್ರ ತೆಗೆದು ರದ್ದಿಗೆ ಹಾಕಿದ್ದರೆ ನನಗೆ ಇದು ಸಿಗುತ್ತಿರಲಿಲ್ಲ. ಅಪ್ಪ ಬೇಕು ಅಂತ ಇಟ್ಟದ್ದು ಮುಂದಿತ್ತು. ಇಡಬೇಕು ಅಂತ ಅಂದುಕೊಳ್ಳದೆಯೇ ಉಳಿದದ್ದು ಹಿಂದಿತ್ತು.

ರಾಯಚೂರಿನ ಮೇಷ್ಟ್ರು

ಒಳ್ಳೆಯ ಮಾತು ಹೇಳಿದಿರಿ ತಾಯಿ. ನಾನು 34 ವರ್ಷ ವಿಜ್ಞಾನ ಪಾಠ ಹೇಳಿದವನು. ನನ್ನ ಹತ್ತಿರ ಮಕ್ಕಳು ಮಾಡಿಕೊಟ್ಟ ಒಂದು ಪುಸ್ತಕ ಇದೆ.

1980ರ ಫೆಬ್ರವರಿ 16ರಂದು ಖಗ್ರಾಸ ಸೂರ್ಯಗ್ರಹಣ. ನಮ್ಮ ರಾಯಚೂರು ಆ ನೆರಳಿನ ಹಾದಿಯಲ್ಲೇ ಇತ್ತು. ದೂರದೂರದಿಂದ ವಿಜ್ಞಾನಿಗಳು ಬಂದಿದ್ದರು. ಊರಿನವರು ಮಾತ್ರ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದರು. ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಹೊರಗೆ ಬನ್ನಿ ಅಂತ ಮನೆ ಮನೆಗೆ ಹೋಗಿ ಕರೆದೆ. ಹನ್ನೊಂದು ಮಕ್ಕಳು ಬಂದರು. ರಟ್ಟಿಗೆ ಸೂಜಿಯಲ್ಲಿ ತೂತು ಮಾಡಿ, ಬಿಳಿ ಹಾಳೆಯ ಮೇಲೆ ಸೂರ್ಯನ ಬಿಂಬ ಬೀಳಿಸಿದೆವು. ಆ ಬಿಂಬ ಕರಗುತ್ತಾ ಹೋದ ಹಾಗೆ ಮಕ್ಕಳು ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳೆದರು. ಕತ್ತಲಾದಾಗ ಹಕ್ಕಿಗಳು ಗೂಡಿಗೆ ಹೊರಟವು.

ಆ ಹಾಳೆಗಳು ಪುಸ್ತಕದಲ್ಲಿವೆ. ಜೊತೆಗೆ ಪೇಪರಿನಲ್ಲಿ ಬಂದ ಚಂದದ ಚಿತ್ರಗಳೂ ಇವೆ. ಆದರೆ ನಾನು ನೋಡೋದು ಮಕ್ಕಳ ಗೆರೆಗಳನ್ನು. ಒಂದು ಕಡೆ ಗೆರೆ ದಾರಿ ತಪ್ಪಿ ಹಾಳೆಯ ಅಂಚಿಗೆ ಓಡಿದೆ. ಪೂರ್ತಿ ಕತ್ತಲಾದ ಗಳಿಗೆ ಅದು. ಆ ಹುಡುಗಿಯ ಕೈ ನಡುಗಿದೆ. ಕ್ಯಾಮೆರಾ ಹಿಡಿದವರ ಚಿತ್ರದಲ್ಲಿ ಗ್ರಹಣ ಇದೆ. ಈ ಹಾಳೆಯಲ್ಲಿ ಗ್ರಹಣ ನೋಡಿದ ಮಗು ಇದೆ.

(ಒಂದು ಎಚ್ಚರಿಕೆ. ಪುಸ್ತಕದಲ್ಲಿ ಒಬ್ಬ ಹುಡುಗ ಎಕ್ಸ್‌ರೇ ಫಿಲ್ಮಿನ ತುಂಡೂ ಅಂಟಿಸಿದ್ದಾನೆ. ಆ ಕಾಲದಲ್ಲಿ ಅದರ ಮೂಲಕ ಸೂರ್ಯನನ್ನು ನೋಡುತ್ತಿದ್ದರು. ಅದು ಕಣ್ಣಿಗೆ ಅಪಾಯ. ನಿಮ್ಮ ಮಕ್ಕಳಿಗೆ ದಯವಿಟ್ಟು ಕೊಡಬೇಡಿ.)

ಮೂಡುಬಿದಿರೆ ಅಕ್ಕ

ನಮ್ಮದು ಎಲೆ ಪುಸ್ತಕ. ಆರನೇ ಕ್ಲಾಸಿನಲ್ಲಿ ಮಾಡಿದ್ದು. ಅಶ್ವತ್ಥದ ಎಲೆ ನೀರಿನಲ್ಲಿ ಕೊಳೆಸಿ ನರ ಮಾತ್ರ ಉಳಿಸಿದ್ದು, ಮಾವು, ಹಲಸು, ಹೊನ್ನೆ. ನಡುವೆ ಒಂದು ನವಿಲುಗರಿ. ಮರಿ ಹಾಕುತ್ತದೆ ಅಂತ ನಂಬಿ ದಿನಾ ತೆಗೆದು ನೋಡುತ್ತಿದ್ದೆ.

ಪ್ರತಿ ಎಲೆಯ ಕೆಳಗೆ ನಾನು ಕನ್ನಡದಲ್ಲಿ ಹೆಸರು ಬರೆದಿದ್ದೇನೆ. ಅದರ ಕೆಳಗೆ ಅಮ್ಮ ಪೆನ್ಸಿಲ್‌ನಲ್ಲಿ ತುಳು ಹೆಸರು ಬರೆದಿದ್ದಾರೆ. ಹಲಸಿಗೆ 'ಪೆಲತ್ತ ಇರೆ'. ಪಕ್ಕದಲ್ಲೇ 'ಕಡುಬಿಗೆ' ಅಂತ ಒಂದು ಮಾತು. ಅಮ್ಮ ಓದಿದ್ದು ಮೂರನೇ ಕ್ಲಾಸು. ಪತ್ರ ಬರೆಯುತ್ತಿರಲಿಲ್ಲ, ಡೈರಿ ಇಲ್ಲ. ಅವರ ಕೈಬರಹ ಅಂತ ಈ ಪ್ರಪಂಚದಲ್ಲಿ ಉಳಿದಿರೋದು ಈ ಪುಸ್ತಕದ ಇಪ್ಪತ್ತೆರಡು ಎಲೆಗಳ ಕೆಳಗೆ ಮಾತ್ರ. ಹಲಸಿನ ಎಲೆ ಈಗ ಮುಟ್ಟಿದರೆ ಪುಡಿ. ಆದರೂ ಅಕ್ಷರ ಇದೆ.

ಎರಡು ಕೋಣೆ ಮನೆ

ಮೂಡುಬಿದಿರೆ ಅಕ್ಕಾ, ನಿಮ್ಮದು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ನಿಮ್ಮ ಪುಸ್ತಕ ಖಂಡಿತ ಇಟ್ಟುಕೊಳ್ಳಿ. ಅದರ ಮಾತೇ ಬೇರೆ. ಆದರೆ ಎಲ್ಲರ ಮನೆಯ ಎಲ್ಲ ಪುಸ್ತಕವೂ ಹಾಗಿರಲ್ಲ. ನಾನು ರದ್ದಿಗೆ ಹಾಕಿದ್ದರಲ್ಲಿ ಬರೀ ಪೇಪರ್ ಚಿತ್ರಗಳಿದ್ದವು. ಹಿಂದೆ ತಿರುಗಿಸಿ ನೋಡಿರಲಿಲ್ಲ ಅನ್ನೋದು ನಿಜ.

ಬೈಂಡಿಂಗ್ ಕೆಲಸದವನು

ಎಲ್ಲರೂ ಪುಸ್ತಕ ಹೊರಗೆ ತೆಗೆಯುತ್ತಿದ್ದೀರಿ. ಇನ್ನಷ್ಟು ಹಾಳಾಗದ ಹಾಗೆ ನೋಡಿಕೊಳ್ಳಿ. ನಾನು ಗ್ರಂಥಾಲಯಗಳ ಪುಸ್ತಕ ರಿಪೇರಿ ಮಾಡಿಕೊಂಡು ಬಂದವನು, ಕೈಲಾದಷ್ಟು ಹೇಳುತ್ತೇನೆ.

ಪೇಪರ್ ಕಟಿಂಗ್ ಕಂದು ಆಗೋದು ಅದರ ಹುಟ್ಟುಗುಣ. ಸುದ್ದಿಪತ್ರಿಕೆಯ ಕಾಗದವನ್ನು ಮರ ಅರೆದು ಅಗ್ಗವಾಗಿ ಮಾಡುತ್ತಾರೆ. ಮರದಲ್ಲಿರುವ ಲಿಗ್ನಿನ್ ಅನ್ನೋ ಅಂಶ ಅದರಲ್ಲೇ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿದಷ್ಟೂ ಕಂದಾಗುತ್ತದೆ, ಆಮ್ಲ ಬಿಡುತ್ತದೆ, ಪಕ್ಕದ ಒಳ್ಳೆ ಹಾಳೆಗೂ ಕಲೆ ಹತ್ತಿಸುತ್ತದೆ. ಹಾಗಾಗಿ ಬಿಸಿಲಿಗೆ ಹರಡಬೇಡಿ. 'ಒಣಗಲಿ' ಅಂತ ಟೆರೇಸ್ ಮೇಲೆ ಇಡೋರನ್ನು ಕಂಡಿದ್ದೇನೆ, ಅದು ಬೇಡವೇ ಬೇಡ. ಫ್ಯಾನಿನ ಕೆಳಗೆ, ನೆರಳಲ್ಲಿ, ಹಾಳೆ ಬಿಡಿಸಿ ಇಡಿ.

ಇನ್ನು ಅಂಟು. ಆಗ ನಾವೆಲ್ಲ ಬಳಸಿದ್ದು ಮೈದಾ ಅಂಟು, ಇಲ್ಲದಿದ್ದರೆ ಅನ್ನದ ಅಗುಳು. ಅದು ಕಾಗದಕ್ಕೆ ಒಳ್ಳೆಯದು. ಆದರೆ ಹುಳಕ್ಕೂ ಅದೇ ಊಟ. ಪುಸ್ತಕ ತೆಗೆದ ತಕ್ಷಣ ಬೆಳ್ಳಗೆ ಹೊಳೆಯುತ್ತಾ ಓಡುತ್ತಲ್ಲ, ಆ ಸಿಲ್ವರ್‌ಫಿಶ್ ಹುಳ ಬರೋದು ಅಂಟಿನ ಆಸೆಗೇ. ಅದಕ್ಕೇ ನಾವು ಬೈಂಡಿಂಗ್ ಅಂಟಿಗೆ ಒಂದು ಚಿಟಿಕೆ ಮೈಲುತುತ್ತ ಹಾಕುತ್ತಿದ್ದೆವು. ಅದು ವಿಷ, ಮನೆಯಲ್ಲಿ ನೀವು ಮಾಡಲು ಹೋಗಬೇಡಿ. ಪುಸ್ತಕವನ್ನು ಒಣ ಜಾಗದಲ್ಲಿಟ್ಟು ಎರಡು ತಿಂಗಳಿಗೊಮ್ಮೆ ತೆಗೆದು ನೋಡಿದರೆ ಅರ್ಧ ಕಾಟ ತಪ್ಪುತ್ತದೆ.

ಅಂಟುವ ಟೇಪ್ ಮಾತ್ರ ಎಂದೂ ಹಾಕಬೇಡಿ. ಹತ್ತು ವರ್ಷಕ್ಕೆ ಟೇಪ್ ಉದುರಿ ಹಳದಿ ಕಲೆ ಉಳಿಯುತ್ತದೆ. ಲ್ಯಾಮಿನೇಷನ್ ಬೇಡ, ಒಮ್ಮೆ ಮಾಡಿದರೆ ಬಿಡಿಸೋಕಾಗಲ್ಲ. ಉದುರುವ ಎಲೆ, ಕಟಿಂಗ್ ಇದ್ದರೆ ಕಾಗದದ ಸಣ್ಣ ಲಕೋಟೆ ಮಾಡಿ ಅದೇ ಪುಟದಲ್ಲಿ ಇಡಿ. ಮೂಡುಬಿದಿರೆ ಮೇಡಂ, ಎಲೆಯ ಪುಡಿಯನ್ನೂ ಲಕೋಟೆಯಲ್ಲಿ ಹಾಕಿ ಅಲ್ಲೇ ಇಡಿ.

ಫೋಟೋ ತೆಗೆಯುವುದೂ ಒಳ್ಳೆಯದೇ. ತೆಗೆಯುವಾಗ ಚಿತ್ರ ಒಂದನ್ನೇ ತೆಗೆಯಬೇಡಿ. ಪುಟ ಪೂರ್ತಿ, ಅಂಚು ಸಮೇತ, ಖಾಲಿ ಪುಟವನ್ನೂ ಸೇರಿಸಿ ತೆಗೆಯಿರಿ. ದಾವಣಗೆರೆ ಮೇಡಂ ಹೇಳಿದ ಬಿಳಿ ಹಾಳೆ ನೆನಪಿರಲಿ.

ಅರಸೀಕೆರೆ ಹುಡುಗ

ಸರ್, ಬಹಳ ಉಪಕಾರ ಆಯಿತು. ನಾನು ನಿಜವಾಗಿ ಟೆರೇಸ್ ಮೇಲೆ ಇಡುವವನಿದ್ದೆ.

ಒಂದು ಹೊಸ ಸುದ್ದಿ. ಧಾರವಾಡದಲ್ಲಿರುವ ಅಕ್ಕನಿಗೆ ನಿನ್ನೆ ಫೋನ್ ಮಾಡಿ ಹೀಗೀಗೆ ಅಂದೆ. "ಅಯ್ಯೋ, ಆ ರಂಗೋಲಿ ಇದೆ ಕಣೋ, ಹೋದ ಸಂಕ್ರಾಂತಿಗೂ ಅದನ್ನೇ ಹಾಕಿದೆ" ಅಂದಳು! ಮದುವೆಯಾಗಿ ಹೋಗುವಾಗ ರಂಗೋಲಿ ಪುಸ್ತಕ ತಗೊಂಡೇ ಹೋಗಿದ್ದಾಳೆ. ಫೋಟೋ ಕಳಿಸಿದಳು. ಮೂಲೆಗೆ ಅರಿಶಿನದ ಕಲೆ. ಪ್ರತಿ ಚುಕ್ಕಿಯ ಸಾಲಿನ ಪಕ್ಕ ಲೆಕ್ಕ ಬರೆದಿದ್ದಾಳೆ. ಆ ತುಂಡಿನ ಅಂಚು ನೋಡಿ ನನಗೆ ಮೈ ಜುಮ್ಮೆಂದಿತು. ನನ್ನ ಹಾಳೆಯಲ್ಲಿ ಕತ್ತರಿ ತಿರುಗಿದೆಯಲ್ಲ, ಅದೇ ತಿರುವು ಅಲ್ಲೂ ಇದೆ.

ಅಂದರೆ ಕುಂಬ್ಳೆಯ ಕೈ ಆ ರಂಗೋಲಿಯ ಹಿಂದೆ ಈಗಲೂ ಇದೆ. ಅಂಟಿಸಿರೋದರಿಂದ ಕಾಣಲ್ಲ, ಅಷ್ಟೇ. ಮೈದಾ ಅಂಟೇ, ಅಮ್ಮ ಕಾಸಿ ಕೊಟ್ಟದ್ದು. ನೀರು ಹಚ್ಚಿ ಬಿಡಿಸಬಹುದಾ? ಮುಂದಿನ ಶನಿವಾರ ಧಾರವಾಡಕ್ಕೆ ಹೋಗುತ್ತಿದ್ದೇನೆ.

ಬೈಂಡಿಂಗ್ ಕೆಲಸದವನು

ಮೈದಾ ಅಂಟು ಒದ್ದೆಯಾದರೆ ಬಿಡುತ್ತದೆ, ನಿಜ. ಆದರೆ ಇಷ್ಟು ವರ್ಷದ ಪತ್ರಿಕೆ ಕಾಗದ ಒದ್ದೆಯಾದರೆ ತಾನೇ ಹರಿಯುತ್ತದೆ. ಅಕ್ಕ ಬರೆದ ಲೆಕ್ಕ ಇಂಕಿನಲ್ಲಿದ್ದರೆ ಅದೂ ಹರಡುತ್ತದೆ. ಬಿಡಿಸಬೇಡಿ ಅಂತಲೇ ಹೇಳುತ್ತೇನೆ.

ಮಲ್ಲೇಶ್ವರದ ಮಗಳು

ನನ್ನದೂ ಅದೇ ಮಾತು. ನನ್ನ ಅಪ್ಪನ ಕಟಿಂಗ್ ತಾನಾಗಿ ಕಳಚಿಕೊಂಡಿತು, ನಾನು ಕಿತ್ತಿದ್ದಲ್ಲ. ಇದು ಅಕ್ಕನ ಪುಸ್ತಕ. ಅವರು ಇನ್ನೂ ಬಳಸುತ್ತಿದ್ದಾರೆ. ಮತ್ತೆ ಅದೇ ಹಾಳೆಗೆ ಇಬ್ಬರೂ ಕೈ ಹಾಕಬೇಡಿ.

ರಾಯಚೂರಿನ ಮೇಷ್ಟ್ರು

ಬಿಡಿಸದೆಯೇ ನೋಡಬಹುದಲ್ಲಪ್ಪಾ! ಆ ಪುಟದ ಹಿಂಬದಿ ಖಾಲಿ ಇದೆಯಾ ನೋಡು. ಇದ್ದರೆ ಕೋಣೆ ಕತ್ತಲು ಮಾಡಿ, ಪುಟವನ್ನು ನೆಟ್ಟಗೆ ಎತ್ತಿ ಹಿಡಿದು, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಡು. ವಾರಪತ್ರಿಕೆಯ ಕಾಗದ ತೆಳು. ಹಿಂದಿನ ಚಿತ್ರ ಮುಂದೆ ಕಾಣುತ್ತದೆ. ಎಡಬಲ ಅದಲುಬದಲಾಗಿ ಕಾಣುತ್ತದೆ, ಕನ್ನಡಿಯಲ್ಲಿ ಕಂಡ ಹಾಗೆ. ಫೋಟೋ ತೆಗೆದು ಫೋನಿನಲ್ಲೇ ತಿರುಗಿಸಿಕೋ. ಟಾರ್ಚ್ ಬಹಳ ಹೊತ್ತು ಬೇಡ.

ಎರಡು ಕೋಣೆ ಮನೆ

ಹೋಗಿ ಬಂದು ಹೇಳಿ. ನಾನೂ ಕಾಯುತ್ತಿದ್ದೇನೆ. ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ, ಜಾಗ ಇಲ್ಲದವರು ಫೋಟೋನೇ ತೆಗೆಯಬೇಕು. ಆದರೆ ಅಮ್ಮನ ಹತ್ತಿರ ಇನ್ನೊಂದು ಪುಸ್ತಕ ಉಳಿದಿದೆ ಅಂತ ಗೊತ್ತಾಯಿತು, ಅಡುಗೆ ಕಟಿಂಗ್‌ಗಳದ್ದು. ಅದರ ಒಂದೊಂದು ಹಾಳೆಯನ್ನೂ ಹಿಂದೆ ಮುಂದೆ ನೋಡಿಯೇ ಮುಂದಿನ ಮಾತು.

ಅರಸೀಕೆರೆ ಹುಡುಗ

ಧಾರವಾಡದಿಂದ ಇವತ್ತು ಬೆಳಿಗ್ಗೆ ಬಂದೆ.

ಪುಟದ ಹಿಂಬದಿ ಖಾಲಿ ಇತ್ತು ಮೇಷ್ಟ್ರೇ. ರಾತ್ರಿ ಊಟ ಆದ ಮೇಲೆ ಲೈಟ್ ಆರಿಸಿದೆವು. ಅಕ್ಕ ಪುಟ ಹಿಡಿದಳು, ಅವಳ ಮಗಳು ಟಾರ್ಚ್ ಹಿಡಿದಳು. ಮೊದಲು ಬರೀ ಚುಕ್ಕಿ, ಗೆರೆ. ಟಾರ್ಚ್ ಸ್ವಲ್ಪ ಹತ್ತಿರ ತಂದಾಗ ರಂಗೋಲಿಯ ನಡುವೆ ಬೂದು ಬಣ್ಣದಲ್ಲಿ ಮುಂಗೈ ಕಂಡಿತು. ತೋಳಿನ ಮೇಲೆ ಚುಕ್ಕಿಗಳು ಸಾಲಾಗಿ ಬಿದ್ದಿವೆ. ಬೆರಳು ಐದೂ ಇವೆ, ನಡುವೆ ಚೆಂಡು.

ನಾನು ನನ್ನ ಪುಸ್ತಕವನ್ನೂ ತಗೊಂಡು ಹೋಗಿದ್ದೆ. ಫೋಟೋ ತೆಗೆದು, ಫೋನಿನಲ್ಲೇ ಎಡಬಲ ತಿರುಗಿಸಿ, ನನ್ನ ಪುಟದ ಅಂಚಿಗೆ ತಾಗಿಸಿ ಹಿಡಿದೆವು. ಅಮ್ಮ ಎಳೆದ ಕತ್ತರಿಯ ದಾರಿ ಒಂದು ಕೂದಲೆಳೆಯೂ ಬಿಡದೆ ಕೂಡಿತು. ಅಕ್ಕ ನಾನು ಬರೆದ ಪೆನ್ಸಿಲ್ ಕೈಯನ್ನು ಬಹಳ ಹೊತ್ತು ನೋಡಿದಳು. "ಚೆಂಡು ಸ್ವಲ್ಪ ದೊಡ್ಡದಾಯ್ತು ಕಣೋ" ಅಂದಳು. ಆಮೇಲೆ, "ಅವತ್ತು ನಾನೇ ಬಿಟ್ಟುಕೊಡಬಹುದಿತ್ತು" ಅಂದಳು. ನಾನು ಬೇಡ ಅಂದೆ. ಅವಳು ಬಿಟ್ಟುಕೊಟ್ಟಿದ್ದರೆ ಅಮ್ಮ ಕತ್ತರಿ ಹಿಡಿಯುತ್ತಿರಲಿಲ್ಲವಲ್ಲ.

ಆ ಫೋಟೋ ಫೋನಿನಲ್ಲಿದೆ. ಅಮ್ಮನಿಗೂ ತೋರಿಸಿದೆ. ಅವಳಿಗೆ ಜಗಳ ನೆನಪಿಲ್ಲ. ಕುಂಬ್ಳೆಯೂ ನೆನಪಿಲ್ಲ. ರಂಗೋಲಿ ನೋಡಿ, "ಇದು 15ರಿಂದ 8 ಅಲ್ವಾ, ನಮ್ಮ ಬಾಗಿಲಿಗೆ ಸರಿಯಾಗಿ ಹಿಡಿಯುತ್ತೆ" ಅಂದಳು. ಬಣ್ಣ ಬಳಿಯುವವರು ನಾಳೆ ಮುಗಿಸುತ್ತಾರೆ. ಆಮೇಲೆ ಅಂಗಳ ತೊಳೆದು ಅದನ್ನೇ ಹಾಕುತ್ತಾಳಂತೆ. ಅಕ್ಕನ ಲೆಕ್ಕದ ಫೋಟೋ ದೊಡ್ಡದು ಮಾಡಿ ಕೊಡು ಅಂದಿದ್ದಾಳೆ.